ಸರ್ಜನ್ ಕನ್ಸೋಲ್ ಬಿಟ್ಟು ಏಳುವ ಮೊದಲು: ಒಂದು ರೋಬೋಟಿಕ್ ಆಪರೇಷನ್, ಇಬ್ಬರು ನರ್ಸ್‌ಗಳು

ರೋಬೋಟಿಕ್ ಆಪರೇಷನ್ ಬಗ್ಗೆ ಬರುವ ಬರಹಗಳಲ್ಲಿ ಸಾಮಾನ್ಯವಾಗಿ ಎರಡೇ ಪಾತ್ರ. ಸರ್ಜನ್ ಮತ್ತು ಯಂತ್ರ. ಟೇಬಲ್ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತಿರುವ ನರ್ಸ್ ಫೋಟೋದ ಅಂಚಿನಲ್ಲಿ ಅರ್ಧ ಕಾಣಿಸಿದರೆ ಅದೇ ಹೆಚ್ಚು. ಇಲ್ಲಿ ಹೇಳುವ ಪ್ರಕರಣದಲ್ಲಿ ಒಂದಷ್ಟು ನಿಮಿಷ ಇಡೀ ಆಪರೇಷನ್ ನಿಂತಿದ್ದು ಆ ಅರ್ಧ ಕಾಣುವವರ ಮೇಲೆ. ಯಾರ ಗುರುತೂ ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ಓಟಿಗಳ (ಆಪರೇಷನ್ ಥಿಯೇಟರ್) ಅನುಭವ ಸೇರಿಸಿ ಒಂದೇ ಪ್ರಕರಣವಾಗಿ ಬರೆದಿದ್ದೇನೆ.

ರೋಗಿಗೆ ಅರವತ್ತರ ಆಸುಪಾಸಿನ ವಯಸ್ಸು. ಎಡ ಕಿಡ್ನಿಯಲ್ಲಿ ಗಡ್ಡೆ. ಇಡೀ ಕಿಡ್ನಿ ತೆಗೆಯದೆ, ಗಡ್ಡೆ ಇರುವ ಭಾಗವನ್ನಷ್ಟೇ ತೆಗೆಯೋಣ ಎಂದು ಸರ್ಜನ್ ತೀರ್ಮಾನಿಸಿದ್ದರು. ಇಂಥ ಆಪರೇಷನ್ನಿಗೆ ರೋಬೋಟ್ ಚೆನ್ನಾಗಿ ಒಗ್ಗುತ್ತದೆ. ಮಣಿಕಟ್ಟಿನ ಹಾಗೆ ತಿರುಗುವ ಉಪಕರಣಗಳಿಂದ ಇಕ್ಕಟ್ಟಿನ ಜಾಗದಲ್ಲೂ ಬೇಗ ಹೊಲಿಗೆ ಹಾಕಬಹುದು. ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿದ ಮೇಲೆ ಸಮಯ ಓಡುತ್ತಿರುತ್ತದೆ, ಹಾಗಾಗಿ ಬೇಗ ಹೊಲಿಯುವುದು ಮುಖ್ಯ.

ಓಟಿಯಲ್ಲಿ ಇದ್ದವರು ಇಷ್ಟು ಜನ. ಕನ್ಸೋಲಿನಲ್ಲಿ, ಅಂದರೆ ರೋಗಿಯಿಂದ ಸ್ವಲ್ಪ ದೂರ ಕೂತು ರೋಬೋಟಿನ ಆರ್ಮ್‌ಗಳನ್ನು ನಡೆಸುವ ಜಾಗದಲ್ಲಿ, ಸರ್ಜನ್. ರೋಗಿಯ ಪಕ್ಕದಲ್ಲಿ ಗೌನ್ ಹಾಕಿದ ಅಸಿಸ್ಟೆಂಟ್ ಡಾಕ್ಟರ್. ಅವರ ಜೊತೆಗೆ, ಗೌನ್ ಹಾಕಿ ಉಪಕರಣ ಕೊಡುವ ಸ್ಕ್ರಬ್ ನರ್ಸ್. ಗೌನ್ ಇಲ್ಲದೆ ಹೊರಗಿನ ಕೆಲಸವೆಲ್ಲ ನೋಡುವ ಸರ್ಕ್ಯುಲೇಟಿಂಗ್ ನರ್ಸ್ ಒಬ್ಬರು. ಅನಸ್ತೇಸಿಯಾ ಡಾಕ್ಟರ್ ಮತ್ತು ಒಬ್ಬ ಟೆಕ್ನಿಷಿಯನ್. ಸ್ಕ್ರಬ್ ನರ್ಸ್‌ಗೆ ರೋಬೋಟ್ ಓಟಿಯಲ್ಲಿ ಒಳ್ಳೆಯ ಅನುಭವ ಇತ್ತು. ಸರ್ಕ್ಯುಲೇಟಿಂಗ್ ನರ್ಸ್ ಬೇರೆ ಓಟಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು, ಇಲ್ಲಿಗೆ ಹೊಸಬರು. ಡಾಕಿಂಗ್ ಹೇಗೆ ಮಾಡುವುದು ಅಂತ ಅವರಿಗೆ ಹೇಳಿಕೊಟ್ಟಿದ್ದರು. ಅವಸರದಲ್ಲಿ ಅದನ್ನು ಬಿಚ್ಚುವುದು ಹೇಗೆ ಅಂತ ಹೇಳಿಕೊಟ್ಟಿರಲಿಲ್ಲ. ತರಬೇತಿಯಲ್ಲಿ ಈ ಅಂತರ ತುಂಬಾ ಕಡೆ ಇದೆ.

ಡಾಕಿಂಗ್ ಎಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೊಟ್ಟೆಯ ಮೇಲೆ ಸಣ್ಣ ಸಣ್ಣ ರಂಧ್ರ ಮಾಡಿ ಕೊಳವೆಯಂಥ ಪೋರ್ಟ್‌ಗಳನ್ನು ಹಾಕುತ್ತಾರೆ. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸುತ್ತಾರೆ. ಆಮೇಲೆ ರೋಬೋಟಿನ ಒಂದೊಂದು ಆರ್ಮನ್ನೂ ಒಂದೊಂದು ಪೋರ್ಟಿಗೆ ಗಟ್ಟಿಯಾಗಿ ಸೇರಿಸುತ್ತಾರೆ. ಅಲ್ಲಿಂದ ಮುಂದೆ ರೋಗಿಯ ದೇಹ ಮತ್ತು ಕ್ವಿಂಟಾಲ್‌ಗಟ್ಟಲೆ ತೂಕದ ಯಂತ್ರ ಒಂದಕ್ಕೊಂದು ಕಟ್ಟಿಕೊಂಡ ಹಾಗೆ. ಪ್ರತಿ ಆರ್ಮ್ ಹೊಟ್ಟೆಯ ಗೋಡೆಯಲ್ಲಿ ಒಂದು ಸ್ಥಿರ ಬಿಂದುವಿನ ಸುತ್ತ ಮಾತ್ರ ತಿರುಗುತ್ತದೆ. ಯಂತ್ರ ಅಲ್ಲೇ ನಿಂತು ರೋಗಿ ಮಾತ್ರ ಜರುಗಿದರೆ ಪೋರ್ಟಿನ ಸುತ್ತ ಚರ್ಮ, ಸ್ನಾಯು ಹರಿಯಬಹುದು. ಒಳಗಿರುವ ಉಪಕರಣ ಯಾವುದಕ್ಕೆ ಬೇಕಾದರೂ ಚುಚ್ಚಬಹುದು. ರೋಬೋಟಿನ ಜೊತೆಗೇ ಹೊಂದಿಕೊಂಡು ಅಲುಗಾಡುವ ಟೇಬಲ್‌ಗಳು ಈಗ ಬಂದಿವೆ. ಈ ಓಟಿಯಲ್ಲಿ ಇದ್ದದ್ದು ಮಾಮೂಲಿ ಟೇಬಲ್.

ಆ ಬೆಳಗ್ಗೆ ಆಪರೇಷನ್ ಶುರುವಾಗುವ ಮುಂಚಿನ ಕೆಲಸವೇ ಬಹಳ ಹೊತ್ತು ಹಿಡಿಯಿತು. ಆರ್ಮ್‌ಗಳಿಗೆ ಸ್ಟೆರೈಲ್ ಡ್ರೇಪ್ (ರೋಗಾಣು ಇಲ್ಲದ ಹೊದಿಕೆ) ಹಾಕಬೇಕು. ಕ್ಯಾಮೆರಾ ಮಂಜು ಹಿಡಿಯದ ಹಾಗೆ ಬೆಚ್ಚಗಿಡಬೇಕು. ಪ್ರತಿ ಉಪಕರಣವನ್ನೂ ಇಂತಿಷ್ಟೇ ಸಲ ಬಳಸಬಹುದು ಎಂಬ ಮಿತಿ ಇರುತ್ತದೆ, ಇನ್ನೆಷ್ಟು ಸಲ ಬಾಕಿ ಇದೆ ಅಂತ ನೋಡಬೇಕು. ರೋಗಿ ಬಲ ಮಗ್ಗುಲಾಗಿ, ಸೊಂಟದ ಹತ್ತಿರ ಟೇಬಲ್ ಬಾಗಿಸಿ ಮಲಗಿದ್ದರು. ಭುಜ, ಮೊಣಕೈ, ಮಂಡಿಯ ಕೆಳಗೆಲ್ಲ ಮೆತ್ತೆ ಇಡಬೇಕು. ಒಮ್ಮೆ ಡಾಕ್ ಆದ ಮೇಲೆ ಕೈ ಸ್ವಲ್ಪ ಸರಿಸೋಣ ಎಂದರೂ ಆಗುವುದಿಲ್ಲ, ನರ ಒತ್ತಿಕೊಂಡರೆ ಗೊತ್ತಾಗುವುದು ರೋಗಿ ಎದ್ದ ಮೇಲೆ. ರೋಬೋಟ್ ಬಂದರೆ ನರ್ಸ್ ಕೆಲಸ ಹಗುರವಾಗುತ್ತದೆ ಎನ್ನುವವರು ಒಂದು ಬೆಳಗ್ಗೆ ಬಂದು ಇದನ್ನು ನೋಡಬೇಕು.

ಹೊಟ್ಟೆ ತೆರೆದು ಮಾಡುವ ಓಪನ್ ಆಪರೇಷನ್ನಿನ ಉಪಕರಣಗಳ ಸೆಟ್ ಅದೇ ಕೋಣೆಯಲ್ಲಿತ್ತು. ಆದರೆ ಬಿಚ್ಚಿರಲಿಲ್ಲ, ಎಣಿಸಿರಲಿಲ್ಲ.

ರಕ್ತ ಬಂದ ಹೊತ್ತು

ಶುರುವಿನ ಭಾಗ ಸಲೀಸಾಗಿ ನಡೆಯಿತು. ಮೂರನೇ ಆರ್ಮ್ ಕಿಡ್ನಿಯನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು. ಕೆಳಗೆ ರಕ್ತನಾಳಗಳು ಎಳೆದು ನಿಂತಿದ್ದವು. ಸರ್ಜನ್ ಅವುಗಳ ಸುತ್ತ ಬಿಡಿಸುತ್ತಿದ್ದಾಗ ಕಿಡ್ನಿಯ ಸಿರೆಗೆ ಹಿಂದಿನಿಂದ ಬಂದು ಸೇರುವ ಒಂದು ಸಣ್ಣ ಸಿರೆ, ಬುಡದಲ್ಲೇ ಹರಿಯಿತು. ಸ್ಕ್ರೀನ್ ಕೆಂಪಾಯಿತು.

ಕಿಡ್ನಿಯಲ್ಲಿ ರಕ್ತಸ್ರಾವ ಎಂದರೆ ಕಾಯುವ ವಿಷಯ ಅಲ್ಲ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗುತ್ತದೆ. ಒಂದೊಂದು ಕಿಡ್ನಿಗೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್.

ಸರ್ಜನ್ ಎಡಗೈ ಉಪಕರಣದಿಂದ ಹರಿದ ಜಾಗವನ್ನು ಹಿಡಿದರು. ಅಸಿಸ್ಟೆಂಟ್ ರಕ್ತ ಹೀರುವ ಸಕ್ಷನ್ ಹಾಕಿದರು. ಸ್ಕ್ರಬ್ ನರ್ಸ್ ಕೇಳುವ ಮೊದಲೇ ಪೋರ್ಟ್ ಮೂಲಕ ಗಾಜ್ ಬಟ್ಟೆ ಕಳಿಸಿದರು, "ಒಳಗೆ ಒಂದು" ಎಂದು ಜೋರಾಗಿ ಹೇಳಿದರು, ಆಮೇಲೆ "ಒಳಗೆ ಎರಡು". ಸರ್ಕ್ಯುಲೇಟಿಂಗ್ ನರ್ಸ್ ಬೋರ್ಡಿನ ಮೇಲೆ ಬರೆದರು. ಗ್ಯಾಸಿನ ಒತ್ತಡ ಸಾಮಾನ್ಯವಾಗಿ 12 ರಿಂದ 15 ಎಂಎಂ ಮರ್ಕ್ಯುರಿ ಇರುತ್ತದೆ, ಅದನ್ನು ಸ್ವಲ್ಪ ಹೊತ್ತಿಗೆ 20ಕ್ಕೆ ಏರಿಸಿ ಎಂದು ಸರ್ಜನ್ ಹೇಳಿದರು. ಒತ್ತಡ ಜಾಸ್ತಿಯಾದರೆ ಸಿರೆಯಿಂದ ಬರುವ ರಕ್ತ ಕಡಿಮೆಯಾಗುತ್ತದೆ. ಆದರೆ ಹರಿದ ಸಿರೆಯೊಳಗೆ ಗ್ಯಾಸ್ ಸೇರುವ ಭಯವೂ ಇದೆ. ಅನಸ್ತೇಸಿಯಾ ಡಾಕ್ಟರ್ ಕಣ್ಣು ಮಾನಿಟರ್ ಬಿಟ್ಟು ಅಲುಗಲಿಲ್ಲ.

ಹೊಲಿಗೆ ಹಾಕುವ ಪ್ರಯತ್ನ ಫಲಿಸಲಿಲ್ಲ. ಬಿಪಿ ಇಳಿಯುತ್ತಿತ್ತು. ಸರ್ಜನ್ "ಓಪನ್ ಮಾಡೋಣ" ಎಂದರು.

ಆ ಮಾತು ಎಲ್ಲರಿಗೂ ಕೇಳಲಿಲ್ಲ. ಕನ್ಸೋಲಿನಲ್ಲಿ ಕೂತವರ ಮಾತು ಮೈಕಿನಿಂದ ಸ್ಪೀಕರಿಗೆ ಬರುತ್ತದೆ. ಸ್ಪೀಕರಿನ ಸದ್ದನ್ನು ಬೆಳಗ್ಗೆ ಯಾರೋ ತಗ್ಗಿಸಿದ್ದರು. ಸಕ್ಷನ್ ಜೋರಾಗಿ ಓಡುತ್ತಿತ್ತು. ಸರ್ಜನ್ ಮುಖ ಕನ್ಸೋಲಿನೊಳಗೆ, ಬೆನ್ನು ಇವರ ಕಡೆಗೆ. ಮಾಮೂಲಿ ಆಪರೇಷನ್ನಿನಲ್ಲಿ ಸರ್ಜನ್ ಕಣ್ಣು ನೋಡಿದರೆ ಸಾಕು, ಪರಿಸ್ಥಿತಿ ಕೆಟ್ಟಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಇಲ್ಲಿ ಆ ಮುಖವೇ ಇಲ್ಲ. ಸ್ಕ್ರಬ್ ನರ್ಸ್ ಮಾತ್ರ ಕೇಳಿಸಿಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ ಅದನ್ನೇ ಮತ್ತೆ ಹೇಳಿದರು: "ಓಪನ್ ಮಾಡ್ತಾ ಇದೀವಿ. ಸೆಟ್ ಬಿಚ್ಚಿ."

ಮುಂದಿನ ಎರಡು ಘಟನೆಗಳಿಗಾಗಿಯೇ ಈ ಪ್ರಕರಣ ಬರೆಯಬೇಕು ಅನಿಸಿದ್ದು.

ಮೊದಲನೆಯದು ಟೇಬಲ್. ಬಿಪಿ ಬಿದ್ದಾಗ ತಲೆ ಭಾಗ ತಗ್ಗಿಸುವುದು ಅನಸ್ತೇಸಿಯಾದವರ ಕೈಗೆ ಅಂಟಿದ ಅಭ್ಯಾಸ. ಅದರಲ್ಲಿ ತಪ್ಪೇನೂ ಇಲ್ಲ, ಬೇರೆ ಆಪರೇಷನ್ನಿನಲ್ಲಿ ಅದೇ ಸರಿ. ಡಾಕ್ಟರ್ "ಹೆಡ್ ಡೌನ್" ಎಂದರು. ಟೆಕ್ನಿಷಿಯನ್ ಕೈ ರಿಮೋಟಿನ ಮೇಲೆ ಹೋಯಿತು. ನಾಲ್ಕೂ ಆರ್ಮ್ ಇನ್ನೂ ಡಾಕ್ ಆಗಿದ್ದವು. ಒಂದು ಉಪಕರಣ ಹರಿದ ಸಿರೆಯನ್ನು ಹಿಡಿದಿತ್ತು.

"ಸರ್, ಟೇಬಲ್ ಬೇಡ! ಡಾಕ್ ಆಗಿದೆ!"

ಕೂಗಿದ್ದು ಸ್ಕ್ರಬ್ ನರ್ಸ್. ಟೆಕ್ನಿಷಿಯನ್ ಕೈ ಹಿಂದಕ್ಕೆ ತೆಗೆದ. ಡಾಕ್ಟರ್ ಡ್ರಿಪ್ ಜೋರು ಮಾಡಿ, ಔಷಧಿ ಕೊಟ್ಟು ಬಿಪಿ ಹಿಡಿದರು. ಇಷ್ಟೇ ನಡೆದದ್ದು, ಕೆಲವು ಸೆಕೆಂಡಿನ ವಿಷಯ. ಕೇಸ್ ಶೀಟಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆಗದೇ ಹೋದ ಅಪಾಯವನ್ನು ಬರೆಯಲು ಅಲ್ಲಿ ಜಾಗವೇ ಇರುವುದಿಲ್ಲ.

ಎರಡನೆಯದು ಮೂರನೇ ಆರ್ಮ್. ಸರ್ಜನ್ ತಲೆಯನ್ನು ಕನ್ಸೋಲಿನಿಂದ ಹೊರಗೆ ತೆಗೆದ ಕೂಡಲೇ ಆರ್ಮ್‌ಗಳು ಇದ್ದಲ್ಲೇ ನಿಲ್ಲುತ್ತವೆ. ಉಪಕರಣ ಏನನ್ನು ಹಿಡಿದಿತ್ತೋ ಅದನ್ನು ಹಿಡಿದೇ ಇರುತ್ತದೆ. ಇದು ಸುರಕ್ಷತೆಗೆಂದೇ ಮಾಡಿದ ವ್ಯವಸ್ಥೆ, ಆ ಹೊತ್ತಿಗೆ ಉಪಕಾರವನ್ನೂ ಮಾಡಿತು: ಎಡಗೈ ಉಪಕರಣ ಸಿರೆಯನ್ನು ಬಿಡಲಿಲ್ಲ. ಆದರೆ ಮೂರನೇ ಆರ್ಮ್ ಕೂಡ ಕಿಡ್ನಿಯ ಸುತ್ತಲಿನ ಕೊಬ್ಬನ್ನು ಕಚ್ಚಿಕೊಂಡೇ ಇತ್ತು. ಸರ್ಜನ್ ಕೈ ತೊಳೆಯಲು ಎದ್ದು ಹೊರಟಿದ್ದರು. ಅಸಿಸ್ಟೆಂಟ್ ಕತ್ತರಿಯನ್ನು ಹೊರಗೆ ತೆಗೆಸಿದರು, ಚೂಪಾದದ್ದು ಮೊದಲು ಬರಬೇಕು, ಅದು ಸರಿ. ನಂತರ "ಮೂರನೆಯದು ತೆಗೆಯಿರಿ ಸಿಸ್ಟರ್" ಎಂದರು.

ಸ್ಕ್ರಬ್ ನರ್ಸ್ ಕೈ ಹಾಕುವ ಮೊದಲು ಸ್ಕ್ರೀನ್ ನೋಡಿದರು. ಉಪಕರಣದ ಬಾಯಿ ಮುಚ್ಚಿದೆ. ಹಾಗೇ ಎಳೆದಿದ್ದರೆ, ಆಗಲೇ ಹರಿದ ಸಿರೆಯ ಹತ್ತಿರ ಇನ್ನೊಂದು ಕಡೆ ಹರಿಯುತ್ತಿತ್ತು. "ಸರ್, ಮೂರನೆಯದು ಇನ್ನೂ ಹಿಡಿದಿದೆ. ಒಂದ್ನಿಮಿಷ ಬನ್ನಿ, ಬಿಡಿಸಿ." ಸರ್ಜನ್ ಬಾಗಿಲ ಹತ್ತಿರ ಹೋಗಿದ್ದವರು ಹಿಂದಕ್ಕೆ ಬಂದು, ತಲೆ ಒಳಗಿಟ್ಟು, ಉಪಕರಣದ ಬಾಯಿ ತೆರೆದು, ಮತ್ತೆ ಓಡಿದರು.

ಕರೆಂಟ್ ಹೋದರೆ ಅಥವಾ ಯಂತ್ರವೇ ಕೈಕೊಟ್ಟರೆ ಆ ಬಾಯಿಯನ್ನು ಹೊರಗಿನಿಂದ ತೆರೆಯಲು ಒಂದು ಸಣ್ಣ ಕೀಲಿಯಂಥ ಸಾಧನ ಇರುತ್ತದೆ. ಅದು ಎಲ್ಲಿದೆ ಅಂತ ಆಮೇಲೆ ಕೇಳಿದಾಗ, ಸ್ಕ್ರಬ್ ನರ್ಸ್ ಬಿಟ್ಟರೆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಇಷ್ಟರಲ್ಲಿ ಸರ್ಕ್ಯುಲೇಟಿಂಗ್ ನರ್ಸ್ ಒಬ್ಬರೇ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದರು. ಸೆಟ್ ಬಿಚ್ಚಿದರು. ರಕ್ತ ಹೀರುವ ಬಟ್ಟೆ, ಅಂದರೆ ಮಾಪ್ ಕೊಟ್ಟರು. ಸರ್ಜನ್ ಗೌನಿನ ದಾರ ಕಟ್ಟಿದರು. ರೋಬೋಟನ್ನು ಹಿಂದಕ್ಕೆ ಸರಿಸಬೇಕಾದವರೂ ಅವರೇ. ಒಬ್ಬ ಮನುಷ್ಯನಿಗೆ ಎರಡೇ ಕೈ.

ಅಸಿಸ್ಟೆಂಟ್ ಪಕ್ಕದ ಪೋರ್ಟಿನಿಂದ ಉದ್ದದ ಉಪಕರಣ ಹಾಕಿ ಗಾಜ್ ಬಟ್ಟೆಯನ್ನು ಹರಿದ ಜಾಗಕ್ಕೆ ಒತ್ತಿ ಹಿಡಿದರು. ಕ್ಯಾಮೆರಾದಲ್ಲಿ ನೋಡಿಕೊಂಡೇ ಎಡಗೈ ಉಪಕರಣದ ಬಾಯಿ ಬಿಡಿಸಿ ಹೊರಗೆ ತೆಗೆದರು. ಕ್ಯಾಮೆರಾ ಕೊನೆಗೆ. ಆರ್ಮ್‌ಗಳನ್ನು ಪೋರ್ಟಿನಿಂದ ಬಿಡಿಸಿ ಮೇಲಕ್ಕೆತ್ತಿದರು. ಪೋರ್ಟ್‌ಗಳನ್ನು ಮಾತ್ರ ಕೀಳಲಿಲ್ಲ. ಅವು ಹೊರಬಂದರೆ ಗ್ಯಾಸ್ ಹೋಗುತ್ತದೆ, ಒತ್ತಡ ಹೋಗುತ್ತದೆ, ರಕ್ತ ಮತ್ತೆ ಉಕ್ಕುತ್ತದೆ. ಚಾಕು ಇಡುವವರೆಗೂ ಆ ಒತ್ತಡ ಬೇಕು.

ಹೊಟ್ಟೆ ತೆರೆದ ಮೇಲೆ ಎಲ್ಲರಿಗೂ ಗೊತ್ತಿರುವ ಕೆಲಸ. ಕಿಡ್ನಿ ಉಳಿಸಲು ಆಗಲಿಲ್ಲ, ಪೂರ್ತಿ ತೆಗೆಯಬೇಕಾಯಿತು. ರಕ್ತ ಕೊಟ್ಟರು. ಓಪನ್ ಸೆಟ್ ಎಣಿಸದೇ ಬಿಚ್ಚಿದ್ದರಿಂದ ಹೊಲಿಗೆ ಮುಗಿಸುವ ಮುನ್ನ ಓಟಿಯಲ್ಲೇ ಎಕ್ಸ್‌ರೇ ತೆಗೆದು ಒಳಗೆ ಏನೂ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡರು. ಮೊದಲು ಕಳಿಸಿದ ಎರಡು ಗಾಜ್ ಬಟ್ಟೆ ಬೋರ್ಡಿನಲ್ಲಿ ಬರೆದಿದ್ದರಿಂದ ಸಿಕ್ಕವು. ರೋಗಿ ಚೇತರಿಸಿಕೊಂಡು ಮನೆಗೆ ಹೋದರು.

ನರ್ಸ್‌ಗಳು ಹೇಳಿದ್ದು

ಕೆಲವು ದಿನದ ನಂತರ ಎಲ್ಲರೂ ಕೂತು ಮಾತಾಡಿದರು. ಮೊದಲ ಅರ್ಧ ಭಾಗ ಸಿರೆ ಯಾಕೆ ಹರಿಯಿತು ಎಂಬುದರ ಮೇಲೆಯೇ ಹೋಯಿತು. ಸರ್ಜನ್‌ಗಳಿಗೆ ಅದು ಮುಖ್ಯ, ನಿಜ. ಆದರೆ ಯಾರು ಎಷ್ಟೇ ಹುಷಾರಾಗಿದ್ದರೂ ಸಿರೆ ಹರಿಯುವ ದಿನ ಒಂದು ಬರುತ್ತದೆ. ಹರಿದ ಮೇಲೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಎತ್ತಿದ್ದು ನರ್ಸ್‌ಗಳು.

ಸ್ಕ್ರಬ್ ನರ್ಸ್ ಹೇಳಿದ ಒಂದು ಮಾತು ಚರ್ಚೆಯ ದಿಕ್ಕನ್ನೇ ಬದಲಿಸಿತು. "ಓಪನ್ ಆಪರೇಷನ್ನಿನಲ್ಲಿ ರಕ್ತ ಬಂದರೆ ಸರ್ಜನ್ ಕೈ ಆಗಲೇ ಅದರ ಮೇಲಿರುತ್ತದೆ. ಇಲ್ಲಿ ಸರ್ಜನ್ ಗೌನ್ ಕೂಡ ಹಾಕಿರುವುದಿಲ್ಲ. ಅವರು ಏಳಬೇಕು, ಕೈ ತೊಳೆಯಬೇಕು, ಗೌನ್, ಗ್ಲೌಸ್ ಹಾಕಬೇಕು. ಅಲ್ಲಿಯವರೆಗೆ ರೋಗಿ ಹತ್ತಿರ ಇರುವವರು ನಾವು."

ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ. 2001ರ ಸೆಪ್ಟೆಂಬರ್ 7ರಂದು ಜಾಕ್ ಮರೆಸ್ಕೊ ಎಂಬ ಸರ್ಜನ್ ನ್ಯೂಯಾರ್ಕಿನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ರೋಗಿಯ ಪಿತ್ತಕೋಶವನ್ನು ರೋಬೋಟ್ ಮೂಲಕ ತೆಗೆದರು. ಸಾಗರದಾಚೆಯ ಆಪರೇಷನ್ ಎಂದು ಎಲ್ಲರೂ ನೆನಪಿಡುತ್ತಾರೆ. ರೋಗಿಯ ಪಕ್ಕದಲ್ಲಿ ಒಂದು ಇಡೀ ತಂಡ ಸಿದ್ಧವಾಗಿ ನಿಂತಿತ್ತು ಎಂಬುದನ್ನು ಹೇಳುವವರು ಕಡಿಮೆ. ಅಲ್ಲಿ ದೂರ ಸಾವಿರಾರು ಕಿಲೋಮೀಟರ್. ಮಾಮೂಲಿ ಓಟಿಯಲ್ಲಿ ಕೆಲವು ಹೆಜ್ಜೆ. ಆದರೆ ಸ್ಟೆರೈಲ್ ಜಾಗದ ಗೆರೆ ನಡುವೆ ಇರುವಾಗ ಆ ಕೆಲವು ಹೆಜ್ಜೆಯೂ ದೂರವೇ. ಸ್ಟ್ರಾಸ್‌ಬರ್ಗಿನಲ್ಲಿ ದೂರ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ತಯಾರಿ ಇತ್ತು. ಇಲ್ಲಿ ಸರ್ಜನ್ ಅದೇ ಕೋಣೆಯಲ್ಲಿ ಇದ್ದಾರಲ್ಲ ಎಂಬ ಧೈರ್ಯದಲ್ಲಿ ತಯಾರಿ ಸಡಿಲವಾಗಿತ್ತು. ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ಬೇರು ಇದೇ.

ಇನ್ನೂ ಕೆಲವು ಮಾತುಗಳು ಬಂದವು. ರೋಬೋಟ್ ಕೆಲಸ ಬೇಜಾರಾಗುತ್ತದೆ ಎಂದು ಒಪ್ಪಿಕೊಳ್ಳಲು ನರ್ಸ್‌ಗಳಿಗೆ ಸಂಕೋಚ. ಆದರೆ ಅದು ನಿಜ. ಡಾಕಿಂಗ್ ತನಕ ಉಸಿರಾಡಲೂ ಸಮಯ ಇಲ್ಲ. ಆಮೇಲೆ ಗಂಟೆಗಟ್ಟಲೆ ಒಂದೊಂದು ಉಪಕರಣ ಬದಲಿಸುವುದು, ಕ್ಯಾಮೆರಾ ಒರೆಸುವುದು, ಆರ್ಮ್ ರೋಗಿಯ ಮೈಗೆ ತಾಗುತ್ತಿದೆಯಾ ಎಂದು ನೋಡುವುದು. ಕತ್ತಲಲ್ಲಿ, ಆರ್ಮ್‌ಗಳ ಸಂದಿಯಲ್ಲಿ ಮೈ ಹಿಡಿ ಮಾಡಿಕೊಂಡು ನಿಂತಿರಬೇಕು. ಹಾಗೆ ನಿಂತಿದ್ದ ಮನಸ್ಸು ಒಂದೇ ಕ್ಷಣದಲ್ಲಿ ಪೂರ್ತಿ ವೇಗಕ್ಕೆ ಬರಬೇಕು. ಜೊತೆಗೆ, ಎಲ್ಲ ಕೇಸೂ ರೋಬೋಟಿನಲ್ಲೇ ಆಗುತ್ತಿದ್ದರೆ ಓಪನ್ ಸೆಟ್ಟಿನ ಕೈ ಅಭ್ಯಾಸ ತಪ್ಪುತ್ತದೆ. ಯಾವ ಕ್ಲ್ಯಾಂಪ್ ಯಾವಾಗ ಎಂಬುದು ಬಾಯಿಗೆ ಬರುವ ಮೊದಲು ಕೈಗೆ ಬರಬೇಕು.

ಸರ್ಕ್ಯುಲೇಟಿಂಗ್ ನರ್ಸ್ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಹೇಳಿದ್ದು: "ನಾನು ರೋಗಿಯನ್ನು ನೋಡಲೇ ಇಲ್ಲ. ಬೆಳಗ್ಗೆಯಿಂದ ಯಂತ್ರವನ್ನೇ ನೋಡಿಕೊಳ್ಳುತ್ತಿದ್ದೆ." ಡ್ರೇಪಿನ ಕೆಳಗೆ ರೋಗಿ, ಮೇಲೆ ಆರ್ಮ್‌ಗಳು, ಪಕ್ಕದಲ್ಲಿ ಅಲಾರಾಂ ಹೊಡೆಯುವ ಸ್ಕ್ರೀನ್. ಯಂತ್ರ ಕರೆಯುತ್ತದೆ, ರೋಗಿ ಕರೆಯುವುದಿಲ್ಲ. ಇದಕ್ಕೆ ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ, ಚೆಕ್‌ಲಿಸ್ಟಿನಲ್ಲಿ ಸೇರಿಸುವಂಥ ಉತ್ತರ ಇದಕ್ಕೆ ಇದೆ ಅಂತ ನನಗೂ ಅನಿಸುವುದಿಲ್ಲ.

ಹಾಗಂತ ಇಬ್ಬರೂ ರೋಬೋಟ್ ಬೇಡ ಅನ್ನಲಿಲ್ಲ. ಸ್ಕ್ರಬ್ ನರ್ಸ್‌ಗೆ ಅದರ ಮೇಲೆ ಒಂದು ಬಗೆಯ ಹೆಮ್ಮೆಯೇ ಇದೆ. ಸ್ಕ್ರೀನಿನಲ್ಲಿ ಸರ್ಜನ್ ನೋಡುವಷ್ಟೇ ತಮಗೂ ಕಾಣುತ್ತದೆ, ಹಿಂದೆ ಸರ್ಜನ್ ಹೆಗಲ ಸಂದಿಯಿಂದ ಇಣುಕಬೇಕಿತ್ತು ಎಂದರು. ಗಾಜ್ ಬಟ್ಟೆಯನ್ನು ಕೇಳುವ ಮೊದಲೇ ಕಳಿಸಲು, ಮುಚ್ಚಿದ ಬಾಯಿಯನ್ನು ಗುರುತಿಸಲು ಆಗಿದ್ದು ಅದರಿಂದಲೇ.

ಏನು ಬದಲಾಯಿತು

ಬದಲಾದದ್ದು ದೊಡ್ಡದೇನಲ್ಲ. ಡಾಕಿಂಗ್ ಮುಗಿದ ಕೂಡಲೇ ಟೇಬಲಿನ ರಿಮೋಟಿಗೆ ಲಾಕ್ ಹಾಕಿ, ಅದರ ಮೇಲೆ ಕೆಂಪು ಪಟ್ಟಿ ಅಂಟಿಸುತ್ತಾರೆ. ಅನ್‌ಡಾಕ್ ಆಯಿತು ಎಂದು ಸ್ಕ್ರಬ್ ನರ್ಸ್ ಬಾಯಿಬಿಟ್ಟು ಹೇಳುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ಸೀನಿಯರ್ ಡಾಕ್ಟರ್ ಆದರೂ ಅಷ್ಟೇ. ಬಾಯಿ ತೆರೆಯುವ ಕೀಲಿ ಆರ್ಮ್‌ಗಳ ಟ್ರಾಲಿಯಲ್ಲಿ ಕಣ್ಣಿಗೆ ಕಾಣುವಲ್ಲಿ ಇದೆ. ಸ್ಪೀಕರಿನ ಸದ್ದು ಸರಿಯಿದೆಯಾ ಎಂದು ಟೈಮ್ ಔಟ್ ಹೊತ್ತಿಗೆ, ಅಂದರೆ ಚಾಕು ಇಡುವ ಮೊದಲು ಎಲ್ಲರೂ ನಿಂತು ಎಲ್ಲ ಸರಿಯಿದೆಯಾ ಎಂದು ನೋಡುವಾಗ, ಪರೀಕ್ಷಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟ್ ರೋಬೋಟಿಗೆಂದು ಮಾಡಿದ್ದಲ್ಲ, ಹಾಗಾಗಿ ಅದಕ್ಕೆ ತಮ್ಮದೇ ಎರಡು ಸಾಲು ಸೇರಿಸಿಕೊಂಡಿದ್ದಾರೆ: ಓಪನ್ ಮಾಡಬೇಕಾದರೆ ಯಾರು ಏನು ಮಾಡುತ್ತೀರಿ, ಒಬ್ಬೊಬ್ಬರೂ ಹೇಳಿ.

ನನಗೆ ಇಷ್ಟವಾದದ್ದು ಇನ್ನೊಂದು ನಿಯಮ. ಸರ್ಜನ್ ಕನ್ಸೋಲಿನಿಂದ ತಲೆ ತೆಗೆಯುವ ಮೊದಲು ಒಂದೊಂದು ಆರ್ಮ್ ಬಗ್ಗೆಯೂ ಜೋರಾಗಿ ಹೇಳಬೇಕು. "ಒಂದು ಹಿಡಿದಿದೆ, ಬಿಡಬೇಡಿ. ಎರಡು ಕ್ಯಾಮೆರಾ. ಮೂರು ಬಿಟ್ಟಿದೆ, ತೆಗೆಯಿರಿ." ಸ್ಕ್ರಬ್ ನರ್ಸ್ ಅದನ್ನೇ ತಿರುಗಿ ಹೇಳಬೇಕು. ಹತ್ತು ಸೆಕೆಂಡೂ ಬೇಡ. ಖರ್ಚಿಲ್ಲ, ಹೊಸ ಉಪಕರಣ ಬೇಕಿಲ್ಲ.

ಓಪನ್ ಸೆಟ್ಟನ್ನು ಮೊದಲೇ ಬಿಚ್ಚಿ ಎಣಿಸಿಡಬೇಕಾ ಎಂಬುದರ ಮೇಲೆ ಒಮ್ಮತ ಆಗಲಿಲ್ಲ. ಬಿಚ್ಚಿದರೆ ಬಳಸದಿದ್ದರೂ ಮತ್ತೆ ತೊಳೆದು ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಸ್ಟೆರೈಲ್) ಮಾಡಬೇಕು, ಆ ಹೊರೆ ಬೀಳುವುದು ಸ್ಟೆರಿಲೈಜೇಶನ್ ವಿಭಾಗದವರ ಮೇಲೆ. ಮೊದಲೇ ರೋಬೋಟ್ ಉಪಕರಣಗಳ ಸಣ್ಣ ಕೊಳವೆಗಳ ಒಳಗೆಲ್ಲ ನೀರು ಹಾಯಿಸಿ ತೊಳೆಯುವುದರಲ್ಲಿ ಅವರಿಗೆ ಸಾಕಾಗಿರುತ್ತದೆ. ಕೊನೆಗೆ ಮಧ್ಯದ ದಾರಿ ಹಿಡಿದರು. ರಕ್ತ ನಿಲ್ಲಿಸಲು ಮೊದಲು ಬೇಕಾಗುವ ಚಾಕು, ರಿಟ್ರ್ಯಾಕ್ಟರ್, ಕೆಲವು ಕ್ಲ್ಯಾಂಪ್, ಮಾಪ್ ಇಷ್ಟನ್ನೇ ಒಂದು ಸಣ್ಣ ಟ್ರೇ ಮಾಡಿ, ಕಿಡ್ನಿಯಂಥ ಕೇಸಿನಲ್ಲಿ ಎಣಿಸಿ ತೆರೆದಿಡುತ್ತಾರೆ. ದೊಡ್ಡ ಸೆಟ್ ಮುಚ್ಚಿಯೇ ಇರುತ್ತದೆ.

ಅಭ್ಯಾಸಕ್ಕೆಂದು ಬೊಂಬೆ ಮಲಗಿಸಿ ಅನ್‌ಡಾಕ್ ಡ್ರಿಲ್ ಶುರುವಾಗಿದೆ. ಮೊದಮೊದಲು ನರ್ಸ್‌ಗಳು, ಟೆಕ್ನಿಷಿಯನ್‌ಗಳು ಮಾತ್ರ ಬರುತ್ತಿದ್ದರು, ಸರ್ಜನ್‌ಗಳಿಗೆ ಪುರುಸೊತ್ತಿರಲಿಲ್ಲ. ಕನ್ಸೋಲ್ ಖಾಲಿ ಇಟ್ಟುಕೊಂಡು ಈ ಡ್ರಿಲ್ ಮಾಡಿ ಪ್ರಯೋಜನ ಇಲ್ಲ ಎಂದು ಸ್ಕ್ರಬ್ ನರ್ಸ್ ಹಟ ಹಿಡಿದ ಮೇಲೆ ಅವರೂ ಬರುತ್ತಿದ್ದಾರೆ. ಎರಡನೇ ಸರ್ಕ್ಯುಲೇಟಿಂಗ್ ನರ್ಸ್ ವಿಷಯ ಮಾತ್ರ ಅರ್ಧಕ್ಕೆ ನಿಂತಿದೆ. ರಕ್ತನಾಳದ ಹತ್ತಿರದ ಕೆಲಸ ನಡೆಯುವಷ್ಟು ಹೊತ್ತು ಪಕ್ಕದ ಓಟಿಯಿಂದ ಒಬ್ಬರನ್ನು ಕರೆಸಿಕೊಳ್ಳಬಹುದು ಎಂದಿದ್ದಾರೆ. ಪಕ್ಕದ ಓಟಿಯಲ್ಲೂ ಕೇಸ್ ನಡೆಯುತ್ತಿದ್ದರೆ ಏನು ಮಾಡುವುದು ಎಂದು ಆ ಆದೇಶದಲ್ಲಿ ಬರೆದಿಲ್ಲ.